ಸಿಡಿಯದ ‘ಬಾಂಬ್’, ಚಿಮಟ ಹಿಡಿದ ಹುಡುಗಿಯರು

‘ದಿ ಇಮಿಟೇಶನ್ ಗೇಮ್’ (2014) ಸಿನಿಮಾದಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಗೂಢಲಿಪಿ ಬಿಡಿಸುವ ತಮ್ಮ ಯಂತ್ರವನ್ನು ‘ಕ್ರಿಸ್ಟೋಫರ್’ ಎಂದು ಕರೆಯುತ್ತಾರೆ. ಅದು ಚಿತ್ರಕಥೆಯ ಕಲ್ಪನೆ. 1940ರ ಮಾರ್ಚಿನಲ್ಲಿ ಬ್ರಿಟನ್ನಿನ ಗೂಢಲಿಪಿ ಬಿಡಿಸುವ ಕೇಂದ್ರ ಬ್ಲೆಚ್ಲಿ ಪಾರ್ಕಿಗೆ ಬಂದ ಮೊದಲ ಯಂತ್ರದ ನಿಜವಾದ ಹೆಸರು ‘ವಿಕ್ಟರಿ’. ಈ ಜಾತಿಯ ಯಂತ್ರಗಳಿಗೆಲ್ಲ ‘ಬಾಂಬ್’ ಎಂಬ ಹೆಸರಿತ್ತು. ಪೋಲೆಂಡಿನ ಗಣಿತಜ್ಞ ಮರಿಯನ್ ರೆಯೆವ್ಸ್ಕಿ 1938ರಲ್ಲಿ ರೂಪಿಸಿದ್ದ ‘ಬೊಂಬಾ’ದಿಂದ ಬಂದ ಹೆಸರದು.

ಸಿನಿಮಾದಲ್ಲಿ ಕಾಣುವುದು ಒಂದೇ ಯಂತ್ರ. ಯುದ್ಧ ಮುಗಿಯುವ ಹೊತ್ತಿಗೆ ಅವು ಇನ್ನೂರು ದಾಟಿದ್ದವು. ಒಂದೇ ವಿಮಾನದಾಳಿಗೆ ಎಲ್ಲವೂ ನಾಶವಾಗಬಾರದೆಂದು ಅವನ್ನು ಬೇರೆಬೇರೆ ಕಡೆ ಹಂಚಿಟ್ಟಿದ್ದರು. ಲಂಡನ್ನಿನ ವಾಯವ್ಯ ಅಂಚಿನ ಸ್ಟ್ಯಾನ್ಮೋರ್ ಹಾಗೂ ಈಸ್ಟ್‌ಕೋಟ್ ದೊಡ್ಡ ಕೇಂದ್ರಗಳಾದವು.

ಈ ಬಾಂಬ್‌ಗಳು ಹುಡುಕುತ್ತಿದ್ದುದು ಜರ್ಮನ್ನರ ಗೂಢಲಿಪಿ ಯಂತ್ರ ಎನಿಗ್ಮಾದ ಜೋಡಣೆಯನ್ನು. ಎನಿಗ್ಮಾಕ್ಕೊಂದು ದೌರ್ಬಲ್ಯವಿತ್ತು: ಯಾವ ಅಕ್ಷರವೂ ಗೂಢಲಿಪಿಯಲ್ಲಿ ತಾನೇ ಆಗಿ ಬರುವಂತಿಲ್ಲ. ಹವಾಮಾನ ವರದಿಯಲ್ಲಿ ‘ವೆಟ್ಟರ್’ (ಹವೆ) ಎಂಬ ಪದ ಇದ್ದೇ ಇರುತ್ತದೆಂದು ಊಹಿಸಿ, ಅದನ್ನು ಗೂಢಲಿಪಿಯ ಕೆಳಗೆ ಬ್ಲೆಚ್ಲಿಯವರು ಜಾರಿಸುತ್ತ ಹೋಗುತ್ತಿದ್ದರು. ಒಂದೇ ಒಂದು ಅಕ್ಷರ ಮೇಲೆ ಕೆಳಗೆ ಒಂದೇ ಆದರೂ ಆ ಜಾಗ ತಪ್ಪು. ಸರಿಹೊಂದುವ ಜಾಗ ಸಿಕ್ಕರೆ ಅಕ್ಷರಗಳ ನಂಟನ್ನು ನಕ್ಷೆಯಾಗಿ ಬರೆಯುತ್ತಿದ್ದರು. ಅದಕ್ಕೆ ‘ಮೆನು’ ಎಂದು ಹೆಸರು.

ಮೆನು ಕೈಗೆ ಬಂದದ್ದೇ ತಡ, ಸ್ಟ್ಯಾನ್ಮೋರಿನ ರೆನ್‌ಗಳು, ಅಂದರೆ ಬ್ರಿಟಿಷ್ ನೌಕಾಪಡೆಯ ಮಹಿಳಾ ವಿಭಾಗದ ಹುಡುಗಿಯರು, ಯಂತ್ರದ ಬೆನ್ನಿಗೆ ಅದರ ಪ್ರಕಾರ ಕೇಬಲ್ ಜೋಡಿಸುತ್ತಿದ್ದರು. ಏಳಡಿ ಅಗಲ, ಒಂದು ಟನ್ನಿನಷ್ಟು ತೂಕದ ಯಂತ್ರದ ಮುಖದಲ್ಲಿ 108 ಡ್ರಮ್‌ಗಳು. ಮೂರು ಮೂರು ಸೇರಿ 36 ಎನಿಗ್ಮಾಗಳಿಗೆ ಸಮ. ಡ್ರಮ್‌ಗಳ ಒಂದೊಂದು ಜೋಡಣೆಗೂ 17,576 ಸ್ಥಾನಗಳ ಪರೀಕ್ಷೆ. ಮೆನುವಿನೊಂದಿಗೆ ವಿರೋಧ ಕಂಡ ಸ್ಥಾನವನ್ನು ವಿದ್ಯುತ್ತು ತಳ್ಳಿಹಾಕುತ್ತಿತ್ತು. ಗಣಿತಜ್ಞ ಗಾರ್ಡನ್ ವೆಲ್ಚ್‌ಮನ್ ಸೇರಿಸಿದ ‘ಡಯಾಗನಲ್ ಬೋರ್ಡ್’ ಎಂಬ ಫಲಕದಿಂದ ಈ ಸೋಸುವಿಕೆ ಇನ್ನೂ ಚುರುಕಾಯಿತು. ವಿರೋಧ ಕಾಣದ ಕಡೆ ಯಂತ್ರ ತಟ್ಟನೆ ನಿಲ್ಲುತ್ತಿತ್ತು.

ಪ್ರತಿ ಡ್ರಮ್ಮಿನ ಹಿಂಬದಿಗೂ ಕೂದಲೆಳೆಯಂಥ ತಂತಿಯ ಬ್ರಷ್‌ಗಳು. ಒಂದೆಳೆ ಬಾಗಿ ಪಕ್ಕದ್ದನ್ನು ತಾಗಿದರೂ ಶಾರ್ಟ್ ಸರ್ಕ್ಯೂಟ್, ಆ ಸುತ್ತು ವ್ಯರ್ಥ. ಹುಡುಗಿಯರು ಚಿಮಟ ಹಿಡಿದು ಒಂದೊಂದೇ ಎಳೆಯನ್ನು ನೆಟ್ಟಗೆ ಮಾಡುತ್ತ ಕೂರುತ್ತಿದ್ದರು. ಎನಿಗ್ಮಾವನ್ನು ಸೋಲಿಸಿದ ಶ್ರೇಯ ಆ ಬೆರಳುಗಳ ತಾಳ್ಮೆಗೂ ಸಲ್ಲಬೇಕು. ನಿಂತ ಸ್ಥಾನವನ್ನು ಅವರು ಬ್ಲೆಚ್ಲಿಗೆ ತಿಳಿಸುತ್ತಿದ್ದರು. ಅದರಿಂದ ಯಾವ ಸಂದೇಶ ಬಿಡಿಸಿದರು, ಯಾವ ಹಡಗು ಉಳಿಯಿತು ಎಂಬುದು ಅವರ ಕಿವಿಗೆ ಬೀಳುತ್ತಿರಲಿಲ್ಲ.

ಯುದ್ಧಾನಂತರ ಬಹುಪಾಲು ಯಂತ್ರಗಳನ್ನು ಬಿಚ್ಚಿಹಾಕಿದರು, ಬಿಚ್ಚಿದವರಲ್ಲಿ ರೆನ್‌ಗಳೂ ಇದ್ದರು. 1974ರಲ್ಲಿ ಬ್ರಿಟಿಷ್ ಗುಪ್ತಚರ ಅಧಿಕಾರಿಯಾಗಿದ್ದ ವಿಂಟರ್‌ಬಾಥಮ್ ಅವರ ಪುಸ್ತಕ ಬಂದು ಗುಟ್ಟು ರಟ್ಟಾಗುವವರೆಗೆ ಎಷ್ಟೋ ಮಂದಿ ಮನೆಯವರಿಗೂ ಬಾಯಿ ಬಿಡಲಿಲ್ಲ.