ಕೋವಿಗೆ ಪ್ರವೇಶವಿಲ್ಲ: ಟೆಕ್ಸಾಸಿನ ಫಲಕದ ಕಾಯಿದೆ

ತೋಟದ ಗೇಟಿಗೆ ‘ಅಪ್ಪಣೆಯಿಲ್ಲದೆ ಒಳಗೆ ಬರಕೂಡದು’ ಎಂದು ತಗಡಿನ ಮೇಲೆ ಬರೆಸಿ ತೂಗುಹಾಕುವುದು ನಮಗೆಲ್ಲ ರೂಢಿ. ಅಕ್ಷರ ಎಷ್ಟು ದಪ್ಪವಿರಬೇಕು, ಯಾವ ಮಾತು ಬರೆಸಬೇಕು ಎಂದು ಯಾರೂ ಕೇಳುವುದಿಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಹಾಗಲ್ಲ. ಅಲ್ಲಿ ಲೈಸನ್ಸುದಾರನೊಬ್ಬ ಪಿಸ್ತೂಲನ್ನು ಅಂಗಿಯೊಳಗೆ ಮರೆಮಾಡಿಕೊಂಡು ಬರುವುದನ್ನು ಫಲಕದಿಂದ ತಡೆಯಬೇಕಾದರೆ, ಆ ಫಲಕದ ಒಂದೊಂದು ಶಬ್ದವನ್ನೂ ಕಾಯಿದೆಯೇ ಗೊತ್ತುಮಾಡಿದೆ. ಡಲ್ಲಾಸ್, ಹ್ಯೂಸ್ಟನ್ ಕಡೆ ಮಕ್ಕಳಿರುವ ಸದಸ್ಯರು ಅಂಗಡಿಗಳ ಬಾಗಿಲಲ್ಲಿ ಇದನ್ನು ಕಂಡಿರಬಹುದು. ಕೋವಿಯ ಪರಿಚಯವಿರುವ ನಮ್ಮ ಬೆಳೆಗಾರರಿಗೆ ಈ ವಿಷಯ ರುಚಿಸೀತೆಂದು ಇಲ್ಲಿ ವಿವರಿಸುತ್ತಿದ್ದೇವೆ.

1991ರ ಅಕ್ಟೋಬರ್ 16ರಂದು ಟೆಕ್ಸಾಸಿನ ಕಿಲೀನ್ ಪಟ್ಟಣದ ಲೂಬೀಸ್ ಎಂಬ ಊಟದ ಹೋಟೆಲಿನಲ್ಲಿ ಒಬ್ಬನು ಗುಂಡು ಹಾರಿಸಿ 23 ಜನರನ್ನು ಕೊಂದನು. ಅಲ್ಲಿ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಸುಜಾನಾ ಹಪ್ ಎಂಬಾಕೆ, ಕಾಯಿದೆಗೆ ಹೆದರಿ ತನ್ನ ಪಿಸ್ತೂಲನ್ನು ಕಾರಿನಲ್ಲೇ ಬಿಟ್ಟು ಬಂದಿದ್ದೆನೆಂದು ಮುಂದೆ ಶಾಸನಸಭೆಯ ಮುಂದೆ ಹೇಳಿದರು. ಇಂಥ ಮಸೂದೆಗೆ 1993ರಲ್ಲಿ ಗವರ್ನರ್ ಆನ್ ರಿಚರ್ಡ್ಸ್ ಒಪ್ಪಿಗೆ ಕೊಡಲಿಲ್ಲ. 1995ರಲ್ಲಿ ಜಾರ್ಜ್ ಬುಷ್ (ಕಿರಿಯ) ಸಹಿ ಮಾಡಿದರು. 1996ರಿಂದ ಲೈಸನ್ಸು ಪಡೆದವರು ಪಿಸ್ತೂಲನ್ನು ಮರೆಮಾಡಿ ಒಯ್ಯಲು ಅವಕಾಶವಾಯಿತು.

ಆಗ ಎದ್ದ ಪ್ರಶ್ನೆ ಇದು: ಒಯ್ಯುವ ಹಕ್ಕು ಅವನದು ಸರಿ, ಆದರೆ ಜಾಗ ಯಾರದು? ತನ್ನ ಅಂಗಡಿಯಲ್ಲಿ ಪಿಸ್ತೂಲು ಬೇಡವೆನ್ನುವ ಹಕ್ಕು ಮಾಲೀಕನಿಗಿಲ್ಲವೆ? ಇದೆ ಎಂದೇ ಎಲ್ಲರೂ ಒಪ್ಪಿದರು. ತೊಡಕಾದದ್ದು ತಿಳಿಸುವ ರೀತಿಯಲ್ಲಿ. ಪಿಸ್ತೂಲಿನ ಚಿತ್ರದ ಮೇಲೆ ಕೆಂಪು ಗೆರೆ ಎಳೆದ ಅಂಗೈಯಗಲದ ಚೀಟಿಯನ್ನು ಬಾಗಿಲ ಮೂಲೆಯಲ್ಲಿ ಅಂಟಿಸಿದರೆ, ಅದನ್ನು ಕಾಣದೆ ಒಳಬಂದವನನ್ನು ಅಪರಾಧಿ ಎನ್ನಬಹುದೆ? 1997ರಲ್ಲಿ ದಂಡಸಂಹಿತೆಗೆ 30.06ನೇ ಕಲಮನ್ನು ಸೇರಿಸಿ ಇದಕ್ಕೆ ಉತ್ತರ ಕೊಟ್ಟರು. ಮಾಲೀಕನು ಬಾಯಲ್ಲಿ ಹೇಳಬಹುದು. ಬರಹದಲ್ಲಿ ತಿಳಿಸುವುದಾದರೆ, ಕಾಯಿದೆಯಲ್ಲಿ ಅಚ್ಚಾಗಿರುವ ವಾಕ್ಯವನ್ನು ಇದ್ದಂತೆಯೇ ಬರೆಸಬೇಕು. ಲೈಸನ್ಸು ಪಡೆದವನು ಮರೆಮಾಡಿದ ಪಿಸ್ತೂಲಿನೊಡನೆ ಈ ಜಾಗದೊಳಗೆ ಬರಕೂಡದೆಂಬುದು ಅದರ ಸಾರ. ನಡುವೆ ಕಲಮುಗಳ ಸಂಖ್ಯೆಯೂ ಬರುತ್ತದೆ. ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇರಬೇಕು. ಅಕ್ಷರ ಒಂದು ಅಂಗುಲಕ್ಕೆ ಕಡಿಮೆಯಿರಬಾರದು. ಹಿನ್ನೆಲೆಗೆ ಎದ್ದು ಕಾಣುವ ಬಣ್ಣ ಬೇಕು. ಜನರ ಕಣ್ಣಿಗೆ ಬೀಳುವ ಕಡೆ ಇರಬೇಕು. ಇಷ್ಟುದ್ದದ ವಾಕ್ಯವನ್ನು ಎರಡು ಭಾಷೆಯಲ್ಲಿ ಅಂಗುಲದ ಅಕ್ಷರದಲ್ಲಿ ಬರೆಸಿದರೆ ಸಣ್ಣ ಅಂಗಡಿಯ ಬಾಗಿಲಲ್ಲಿ ಬೇರೇನಕ್ಕೂ ಜಾಗ ಉಳಿಯಲಾರದು. ಲೈಸನ್ಸುದಾರನ ಮಟ್ಟಿಗೆ ಬರಿಯ ಚಿತ್ರಕ್ಕೆ ಬೆಲೆಯಿಲ್ಲ.

ಅದೇ ಟೆಕ್ಸಾಸಿನಲ್ಲಿ, ಯಾರೂ ಒಳಗೆ ಬರಕೂಡದೆನ್ನುವ ಜಮೀನುದಾರನಿಗೆ ಫಲಕವೇ ಬೇಕಿಲ್ಲ. ಮರಕ್ಕೋ ಕಂಬಕ್ಕೋ ನೇರಳೆ ಬಣ್ಣದ ಪಟ್ಟೆ ಬಳಿದರೆ ಸಾಕು. ಪಟ್ಟೆ 8 ಅಂಗುಲ ಉದ್ದ, 1 ಅಂಗುಲ ಅಗಲಕ್ಕೆ ಕಡಿಮೆಯಿಲ್ಲದೆ, ನೆಟ್ಟಗೆ ಇರಬೇಕು. ಅದರ ಬುಡ ನೆಲದಿಂದ 3 ಅಡಿಗೂ 5 ಅಡಿಗೂ ನಡುವೆ ಇರಬೇಕು. ಕಾಡುಜಮೀನಿನಲ್ಲಿ 100 ಅಡಿಗೊಂದು, ಬೇರೆಡೆ 1,000 ಅಡಿಗೊಂದು. ತಗಡಿನ ಫಲಕವಾದರೆ ಕದ್ದೊಯ್ಯುತ್ತಾರೆ, ಮರದ ಬಣ್ಣವನ್ನು ಯಾರು ಒಯ್ದಾರು! ಎಲ್ಲರನ್ನೂ ಹೊರಗಿಡುವುದು ಇಷ್ಟು ಸುಲಭ. ಗಿರಾಕಿ ಬರಲಿ, ಅವನ ಪಿಸ್ತೂಲು ಮಾತ್ರ ಬೇಡವೆಂದಾಗಲೇ ಇಷ್ಟೆಲ್ಲ ಕಟ್ಟಳೆ.

2016ರ ಜನವರಿಯಿಂದ ಲೈಸನ್ಸುದಾರರು ಪಿಸ್ತೂಲನ್ನು ಎದುರಿಗೇ ಕಾಣುವಂತೆ ಒಯ್ಯಲೂ ಅನುಮತಿ ಸಿಕ್ಕಿತು. ಅದನ್ನು ತಡೆಯಲು 30.07ನೇ ಕಲಮಿನ ಬೇರೆಯೇ ಫಲಕ, ಅದೂ ಪ್ರತಿಯೊಂದು ಪ್ರವೇಶದ್ವಾರದಲ್ಲಿ. 2021ರ ಸೆಪ್ಟೆಂಬರಿನಿಂದ ಲೈಸನ್ಸಿಲ್ಲದವರಲ್ಲೂ ಬಹುಮಂದಿ ಒಯ್ಯಬಹುದಾಯಿತು, ಅವರಿಗಾಗಿ 30.05ರ ಫಲಕ. ಇದರ ವಾಕ್ಯ ಚಿಕ್ಕದು, ಹೆಚ್ಚುಕಡಿಮೆ ಅದೇ ಅರ್ಥ ಬಂದರೂ ನಡೆಯುತ್ತದೆ. ಎಲ್ಲರನ್ನೂ ತಡೆಯಬೇಕೆನ್ನುವ ಅಂಗಡಿಯವನು ಈಗ ಮೂರು ಫಲಕ ಹಾಕಬೇಕು. ಒಯ್ಯುವವನ ಹಕ್ಕು ಹಿಗ್ಗಿದಂತೆಲ್ಲ ಖರ್ಚು ಮಾತ್ರ ಜಾಗದವನ ಹೆಗಲಿಗೆ ಬಿದ್ದಿದೆ ಎಂದು ನಮಗೆ ತೋರುತ್ತದೆ.

ಇಷ್ಟಾಗಿ ಶಿಕ್ಷೆ ಎಷ್ಟು? ಫಲಕ ಮೀರಿ ಒಳಬಂದ ಲೈಸನ್ಸುದಾರನಿಗೆ 200 ಡಾಲರ್‌ವರೆಗೆ ದಂಡ. ಬಾಯಲ್ಲಿ ಹೇಳಿದ ಮೇಲೂ ಹೊರಡದಿದ್ದರೆ ಒಂದು ವರ್ಷದವರೆಗೆ ಸೆರೆ, 4,000 ಡಾಲರ್‌ವರೆಗೆ ದಂಡ. 2019ರ ತಿದ್ದುಪಡಿಯ ಪ್ರಕಾರ, ಹೇಳಿದ ಕೂಡಲೇ ಹೊರಟುಹೋದರೆ ಅದು ಅವನಿಗೆ ಕೋರ್ಟಿನಲ್ಲಿ ರಕ್ಷಣೆ. ಅಂದರೆ ಕೊನೆಗೆ ಕೆಲಸ ಮಾಡುವುದು ಬಾಗಿಲಲ್ಲಿ ನಿಂತು ‘ಹೊರಡಿ ಸ್ವಾಮಿ’ ಎನ್ನುವ ಮನುಷ್ಯನೇ. ಎದುರಿನವನ ಸೊಂಟದಲ್ಲಿ ಪಿಸ್ತೂಲಿರುವಾಗ ಆ ಮಾತನ್ನು ಹೇಳಲು ಧೈರ್ಯ ಬೇಕು.

ನಮ್ಮ ಕಡೆಯ ವಿಷಯ ಬೇರೆ. ಇಲ್ಲಿ ಕೋವಿ ಹಿಡಿಯಲು 1959ರ ಶಸ್ತ್ರ ಕಾಯಿದೆಯಂತೆ ಲೈಸನ್ಸು ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಈ ವಿನಾಯಿತಿ ಕೋವಿಯ ಲೈಸನ್ಸಿಗೆ ಸಂಬಂಧಿಸಿದ್ದು, ಇನ್ನೊಬ್ಬರ ತೋಟಕ್ಕೆ ನುಗ್ಗಲು ರಹದಾರಿಯಲ್ಲ. ಅತಿಕ್ರಮ ಪ್ರವೇಶಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮು ಅನ್ವಯಿಸುತ್ತದೆ: ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬಂದವನಿಗೆ ಅಪರಾಧ ಮಾಡುವ, ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶವಿತ್ತೆಂದು ತೋರಿಸಬೇಕಾಗುತ್ತದೆ. ಫಲಕಕ್ಕೆ ಈ ಕಲಮು ಯಾವ ಅಳತೆಯನ್ನೂ ಹೇಳಿಲ್ಲ. ಆದರೆ ಅಪ್ಪಣೆ ಇರಲಿಲ್ಲವೆಂದು ತೋರಿಸಲು ನಿಮ್ಮ ಗೇಟಿನ ತಗಡು ಉಪಯೋಗಕ್ಕೆ ಬರುತ್ತದೆ. ಮಳೆಗಾಲ ಕಳೆದ ಮೇಲೆ ಅದರ ಅಕ್ಷರ ಓದಲು ಬರುವಂತಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.