ಶಾಲೆಗಳಲ್ಲಿ ಹೆಣ್ಣುಮಕ್ಕಳ ಹಕ್ಕು

ಬನಶಂಕರಿಯ ನಮ್ಮ ಶಾಲೆಯ ಬಾಗಿಲಿಗೆ ಕತ್ರಿಗುಪ್ಪೆ, ಪದ್ಮನಾಭನಗರ, ಕದಿರೇನಹಳ್ಳಿ ಮೊದಲಾದ ಕಡೆಗಳಿಂದ ಬಾಲಿಕೆಯರು ಪ್ರತಿದಿನವೂ ಗುಂಪುಗುಂಪಾಗಿ ಬರುವುದನ್ನು ನೋಡಿದವರಿಗೆ, ವಿದ್ಯಾಲಯದ ಬಾಗಿಲು ಹೆಣ್ಣುಮಕ್ಕಳಿಗೆ ಎಂದಿನಿಂದಲೂ ತೆರೆದೇ ಇದ್ದಿತೆಂದು ತೋರಬಹುದು. ಸಂಗತಿಯು ಹಾಗಿಲ್ಲ. ಆ ಬಾಗಿಲಲ್ಲಿ ತಡೆಯಲ್ಪಟ್ಟ ಓರ್ವ ವಿದ್ಯಾರ್ಥಿನಿಯ ವೃತ್ತಾಂತವನ್ನೂ, ಅಂಥ ತಡೆಯನ್ನು ಇಂದಿನ ಕಾನೂನು ಹೇಗೆ ಕಾಣುತ್ತದೆಂಬುದನ್ನೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಇಲ್ಲಿ ಅರಿಕೆಮಾಡುತ್ತೇವೆ.

ಉಡುಪಿಯು ಮದರಾಸು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ಅಲ್ಲಿ 1949ರಲ್ಲಿ ಸ್ಥಾಪಿತವಾದ ಮಹಾತ್ಮಾ ಗಾಂಧಿ ಮೆಮೋರಿಯಲ್ ಕಾಲೇಜಿನ ಇಂಟರ್ಮೀಡಿಯೇಟ್ ತರಗತಿಗೆ ಶಾಂತಾಬಾಯಿ ಎಂಬವಳು ಅರ್ಜಿ ಹಾಕಿದಳು. ಸಿಂಡಿಕೇಟಿನ ಅಪ್ಪಣೆಯಿಲ್ಲದೆ ಕಾಲೇಜುಗಳು ವಿದ್ಯಾರ್ಥಿನಿಯರನ್ನು ಸೇರಿಸಿಕೊಳ್ಳಕೂಡದೆಂಬ ಮದರಾಸು ವಿಶ್ವವಿದ್ಯಾಲಯದ ನಿಯಮದಿಂದ ಅವಳಿಗೆ ಪ್ರವೇಶ ದೊರೆಯಲಿಲ್ಲ. ಅವಳು ಹೈಕೋರ್ಟಿಗೆ ಹೋದಳು. ಮೊದಲು ಅವಳಿಗೆ ಜಯವಾಯಿತಾದರೂ, ವಿಶ್ವವಿದ್ಯಾಲಯದ ಮೇಲ್ಮನವಿಯಲ್ಲಿ ಆ ಜಯವು ನಿಲ್ಲಲಿಲ್ಲ. ಈ ತೀರ್ಪು 1954ರ ಕಾನೂನು ವರದಿಗಳಲ್ಲಿ ಅಚ್ಚಾಗಿದೆ.

ತೀರ್ಪಿನ ಕಾರಣಗಳು ಗಮನಿಸತಕ್ಕವು. ಲಿಂಗಭೇದವನ್ನು ನಿಷೇಧಿಸುವ ಸಂವಿಧಾನದ 15ನೆಯ ವಿಧಿಯು ಸರಕಾರವನ್ನು ಕಟ್ಟುತ್ತದೆಯೇ ಹೊರತು ವಿಶ್ವವಿದ್ಯಾಲಯವನ್ನಲ್ಲವೆಂಬುದು ಒಂದು. ವಿದ್ಯಾಸಂಸ್ಥೆಗಳ ಪ್ರವೇಶವನ್ನು ಕುರಿತ 29ನೆಯ ವಿಧಿಯು ಮತ, ಕುಲ, ಜಾತಿ, ಭಾಷೆಗಳ ಕಾರಣದಿಂದ ಪ್ರವೇಶವನ್ನು ನಿರಾಕರಿಸಬಾರದೆಂದು ಹೇಳುವುದಾದರೂ ಅದರಲ್ಲಿ ಲಿಂಗವೆಂಬ ಶಬ್ದವಿಲ್ಲವೆಂಬುದು ಇನ್ನೊಂದು. ಇದಲ್ಲದೆ, ಸ್ತ್ರೀಯರಿಗೆ ತಕ್ಕ ಸೌಕರ್ಯಗಳಿಲ್ಲದ ಕಡೆ ಅವರನ್ನು ಸೇರಿಸಿಕೊಳ್ಳಬಾರದೆಂಬುದೇ ನಿಯಮದ ಉದ್ದೇಶವಾಗಿದ್ದು, ಅದು ಪಕ್ಷಪಾತವಲ್ಲವೆಂದೂ ಎಣಿಸಲಾಯಿತು. ಸೌಕರ್ಯವಿಲ್ಲದ್ದು ಕಾಲೇಜಿನಲ್ಲಿ, ಹೊರಗೆ ನಿಂತವಳು ಮಾತ್ರ ಹುಡುಗಿ!

ಆ ಬಳಿಕ ಕಾನೂನು ಬಹಳ ದೂರ ನಡೆದು ಬಂದಿದೆ. ಸರಕಾರವೆಂಬ ಶಬ್ದಕ್ಕೆ ಮದರಾಸಿನಲ್ಲಿ ಕೊಟ್ಟ ಸಂಕುಚಿತ ಅರ್ಥವನ್ನು ಸುಪ್ರೀಂ ಕೋರ್ಟು 1967ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಒಪ್ಪಲಿಲ್ಲ. ಅಮೆರಿಕದಲ್ಲಿ 1972ರ ಶಾಸನವು ಕೇಂದ್ರ ಸರಕಾರದ ಹಣ ಪಡೆಯುವ ಶಿಕ್ಷಣಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸಿತು. ನಮ್ಮ ದೇಶದಲ್ಲಿ 2002ರ ತಿದ್ದುಪಡಿಯಿಂದ 6ರಿಂದ 14 ವರ್ಷದ ಮಕ್ಕಳ ಉಚಿತ ವಿದ್ಯಾಭ್ಯಾಸವು ಮೂಲಭೂತ ಹಕ್ಕಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಶಾಲೆಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪ್ರತ್ಯೇಕ ಶೌಚಾಲಯಗಳಿರತಕ್ಕದ್ದೆಂದು ಆ ಕಾಯಿದೆಯ ಅನುಸೂಚಿಯು ವಿಧಿಸುತ್ತದೆ. ಉಡುಪಿಯ ಪ್ರಶ್ನೆಗೆ ಇದೇ ಸರಿಯಾದ ಉತ್ತರವೆಂದು ನಾವು ತಿಳಿಯುತ್ತೇವೆ: ಸೌಕರ್ಯವಿಲ್ಲವೆಂದು ಬಾಲಿಕೆಯನ್ನು ಹೊರಗಿಡತಕ್ಕದ್ದಲ್ಲ, ಬಾಲಿಕೆಗಾಗಿ ಸೌಕರ್ಯವನ್ನು ಒದಗಿಸತಕ್ಕದ್ದು.

ಇಲ್ಲಿ ನಮ್ಮ ಸ್ವಂತ ವಿಷಯವನ್ನು ಮರೆಮಾಚಲಾರೆವು. ಈ ಕಾಯಿದೆಯು ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಮಾನಿಸಿತು. ಅದನ್ನು ಪುನಃ ಆಲೋಚಿಸಬೇಕೆಂದು 2025ರಲ್ಲಿ ಅದೇ ನ್ಯಾಯಾಲಯದ ಒಂದು ಪೀಠವು ಸೂಚಿಸಿದೆ. ಮಿಶನ್ ಶಾಲೆಯಾದ ನಾವು ಆ ವಿನಾಯಿತಿಯ ನೆರಳಿನಲ್ಲಿ ಕುಳಿತು ಕಡಮೆ ಮಾಡುವುದು ಯೋಗ್ಯವಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಕಾಯಿದೆಯಾದರೋ ಯಾವ ಶಾಲೆಗೂ ವಿನಾಯಿತಿ ಕೊಡುವುದಿಲ್ಲ. 18 ವರ್ಷದೊಳಗಿನ ಮಗುವಿಗೆ ಅಂಥ ಅನ್ಯಾಯವಾದುದು ತಿಳಿದೂ ಪೊಲೀಸರಿಗೆ ತಿಳಿಸದ ಶಾಲಾಧಿಕಾರಿಯು ಶಿಕ್ಷೆಗೆ ಗುರಿಯಾಗುತ್ತಾನೆ. ಶಾಲೆಯ ಹೆಸರು ಕೆಡುವುದೆಂಬ ನೆಪವು ಅಲ್ಲಿ ನಡೆಯದು.

ಹಾಗಾದರೆ ಬಾಲಿಕೆಯರಿಗೆ ಮಾತ್ರ ಶಾಲೆಯಿರುವುದು ಭೇದವಲ್ಲವೇ ಎಂದು ಕೆಲವರು ಕೇಳುವುದುಂಟು. ಸ್ತ್ರೀಯರಿಗೂ ಮಕ್ಕಳಿಗೂ ವಿಶೇಷ ಏರ್ಪಾಡು ಮಾಡಲು 15ನೆಯ ವಿಧಿಯ ಮೂರನೆಯ ಖಂಡವು ಅವಕಾಶ ಕೊಡುತ್ತದೆ. ಆದರೆ ವಿಶೇಷ ಏರ್ಪಾಡು ಮಗುವಿಗೆ ಹೆಚ್ಚನ್ನು ಕೊಡಬೇಕು, ಇದ್ದುದನ್ನು ಕಿತ್ತುಕೊಳ್ಳಬಾರದು. ಈ ಪಾಠವನ್ನು ನಾವೇ ತಡವಾಗಿ ಕಲಿತೆವು. ಕೆಲವು ವರ್ಷಗಳ ಹಿಂದೆ, ಕತ್ತಲಾಗುವುದೆಂಬ ಭಯದಿಂದ ಸಂಜೆಯ ಆಟಗಳನ್ನು ನಿಲ್ಲಿಸಿದೆವು. ಒಂಬತ್ತನೆಯ ತರಗತಿಯ ಓರ್ವಳು ನಮ್ಮ ಕೋಣೆಗೆ ಬಂದು, "ನನ್ನ ತಮ್ಮನ ಶಾಲೆಯಲ್ಲೂ ಕತ್ತಲಾಗುತ್ತದೆ, ಆಟ ನಿಂತಿಲ್ಲವಲ್ಲ" ಎಂದಳು. ನಾವು ನಿರುತ್ತರರಾದೆವು. ಮುಂದಿನ ವಾರದಿಂದ ಇಬ್ಬರು ಉಪಾಧ್ಯಾಯಿನಿಯರು ಮಕ್ಕಳೊಡನೆ ಬಸ್ ನಿಲ್ದಾಣದವರೆಗೆ ನಡೆದರು. ಆಟಗಳು ಪುನಃ ಆರಂಭವಾದವು.

ಪೋಷಕರೇ, ಮಗನಿಗೆ ವಿಜ್ಞಾನ, ಮಗಳಿಗೆ ಯಾವುದಾದರೊಂದು ಎಂಬ ಮಾತು ನಿಮ್ಮ ಮನೆಯಲ್ಲಿ ಹುಟ್ಟಿದಾಗ ಉಡುಪಿಯ ಆ ಹುಡುಗಿಯನ್ನು ನೆನೆಯಿರಿ. ಶಾಲೆಯಲ್ಲಿ ತಾರತಮ್ಯ ಕಂಡರೆ ಮೊದಲು ಮುಖ್ಯೋಪಾಧ್ಯಾಯಿನಿಗೆ ಬರಹದ ಮೂಲಕ ತಿಳಿಸಿರಿ. ದೂರು ನಮ್ಮ ಮೇಲೆಯೇ ಇದ್ದರೂ ಸಂಕೋಚ ಬೇಡ. ಶಿಕ್ಷಣ ಹಕ್ಕು ಕಾಯಿದೆಗೆ ಒಳಪಟ್ಟ ಶಾಲೆಯಾದರೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಅದು ಮೂರು ತಿಂಗಳೊಳಗೆ ತೀರ್ಮಾನವಾಗತಕ್ಕದ್ದು. ಮಗುವು ಸಂಕಟದಲ್ಲಿದ್ದರೆ 1098 ಎಂಬ ಮಕ್ಕಳ ಸಹಾಯವಾಣಿಯು ಹಗಲಿರುಳೂ ಇರುತ್ತದೆ. ಹಳೆಯ ವಿದ್ಯಾರ್ಥಿನಿಯರೇ, ನೀವು ಇಂದು ತಾಯಂದಿರೂ ಉಪಾಧ್ಯಾಯಿನಿಯರೂ ಅಧಿಕಾರಿಗಳೂ ಆಗಿದ್ದೀರಿ. ಯಾವಳಾದರೂ ಹುಡುಗಿ ಬಂದು "ನನಗೇಕೆ ಇಲ್ಲ?" ಎಂದು ಕೇಳಿದಲ್ಲಿ, ಅವಳನ್ನು ಗದರಿಸದೆ ಕೂರಿಸಿ ಉತ್ತರ ಕೊಡಿರಿ, ಉತ್ತರವಿಲ್ಲದಿದ್ದರೆ ನಿಯಮವನ್ನೇ ತಿದ್ದಿರಿ.