ತೆರೆಯ ಮೇಲಿನ ಹಳದಿ

ಮಳವಳ್ಳಿಯ ಸಮೀಪದಲ್ಲಿ ಬತ್ತ ಬೆಳೆಯುವ ನಮ್ಮ ಚಿಕ್ಕಪ್ಪನವರ ಮಗನಿಂದ ಕಳೆದ ಮಳೆಗಾಲದಲ್ಲಿ ಆರು ಚಿತ್ರಗಳು ಬಂದವು. ನಾಟಿಯಾಗಿ ತಿಂಗಳು ಕಳೆದಿದ್ದ ಪೈರಿನ ಚಿತ್ರಗಳವು. “ಪೈರು ಬಿಳಿಚಿಕೊಂಡಿದೆಯೋ ಏನೋ, ಯೂರಿಯಾ ಹಾಕಲೇ ಅಣ್ಣಾ?” ಎಂಬುದು ಅವನ ಪ್ರಶ್ನೆ. ಚಿತ್ರಗಳನ್ನು ಗಣಕಯಂತ್ರದಲ್ಲಿ ದೊಡ್ಡದು ಮಾಡಿ ನೋಡಿದೆವು. ಎಲೆಗಳೆಲ್ಲ ಹಳದಿಗೆ ತಿರುಗಿದ್ದವು. ಸಾರಜನಕ ಸಾಲದಾದಾಗ ಎಲೆಯ ಪತ್ರಹರಿತ್ತು ಕುಗ್ಗಿ ಹೀಗೆಯೇ ಕಾಣುವುದೆಂದು ವಿದ್ಯಾರ್ಥಿಗಳು ಬಲ್ಲರು. ‘ಹಾಕು’ ಎಂದು ಬರೆಯಲು ಕೈ ಮುಂದಾಗಿತ್ತು.

ಅಷ್ಟರಲ್ಲಿ ಆರನೆಯ ಚಿತ್ರದ ಮೂಲೆಯಲ್ಲಿ ನಿಂತಿದ್ದ ಚಿಕ್ಕಪ್ಪನವರು ಕಣ್ಣಿಗೆ ಬಿದ್ದರು. ಅವರು ಉಟ್ಟ ಪಂಚೆ ಅರಿಸಿನದ ನೀರಿನಲ್ಲಿ ಅದ್ದಿ ತೆಗೆದಂತಿತ್ತು! ಅವರು ಬಿಳಿಯ ಪಂಚೆಯಲ್ಲದೆ ಬೇರೊಂದನ್ನು ಉಟ್ಟುದನ್ನು ನಾವು ಕಂಡೇ ಇಲ್ಲ. ಹಿಂದಿನ ರಾತ್ರಿ ಗಣಕವು ತನ್ನ ತಂತ್ರಾಂಶವನ್ನು ತಾನೇ ಅಪ್‌ಡೇಟ್ ಮಾಡಿಕೊಂಡಿದ್ದುದು ಆಗ ನೆನಪಾಯಿತು. ಹಳದಿಯಾಗಿದ್ದುದು ಪೈರೋ, ತೆರೆಯೋ?

ಗಣಕದ ತೆರೆ ಬಣ್ಣವನ್ನು ಹೇಗೆ ಉಂಟುಮಾಡುತ್ತದೆಂಬುದನ್ನು ಮೊದಲು ನೋಡೋಣ. ಒಳ್ಳೆಯ ಭೂತಗನ್ನಡಿಯೊಂದನ್ನು ತೆರೆಯ ಬಿಳಿಯ ಭಾಗದ ಮೇಲೆ ಹಿಡಿಯಿರಿ. ಬಿಳಿ ಅಲ್ಲಿ ಎಲ್ಲಿಯೂ ಕಾಣದು. ಕೆಂಪು, ಹಸಿರು, ನೀಲಿ ಎಂಬ ಮೂರೇ ಬಗೆಯ ಕಿರುದೀಪಗಳು ಸಾಲಾಗಿ ನಿಂತಿರುತ್ತವೆ. ಅಗಲದಲ್ಲಿ 1920, ಎತ್ತರದಲ್ಲಿ 1080 ಚುಕ್ಕೆಗಳಿರುವ ಸಾಮಾನ್ಯ ತೆರೆಯಲ್ಲಿ ಇಂತಹ ದೀಪಗಳ ಸಂಖ್ಯೆ 62,20,800. ಒಂದೊಂದು ದೀಪಕ್ಕೂ 0ಯಿಂದ 255ರವರೆಗಿನ ಒಂದು ಅಂಕೆ ಆಜ್ಞೆಯಾಗಿ ಬರುತ್ತದೆ. ಮೂರೂ 255 ಆದರೆ ಬಿಳಿ. ಮೂರೂ ಸೊನ್ನೆಯಾದರೆ ಕಪ್ಪು. ನೀಲಿಯೊಂದನ್ನು ತಗ್ಗಿಸಿದರೆ ಹಳದಿ. ಕಣ್ಣಿನಲ್ಲಿ ಮೂರು ಬಗೆಯ ಗ್ರಾಹಕಗಳಿದ್ದರೆ ಎಲ್ಲ ಬಣ್ಣಗಳನ್ನೂ ಕಾಣಬಹುದೆಂದು ಥಾಮಸ್ ಯಂಗ್ 1802ರಲ್ಲಿಯೇ ಸೂಚಿಸಿದ್ದನು. 1861ರಲ್ಲಿ ಮ್ಯಾಕ್ಸ್‌ವೆಲ್ ಮೂರು ಬಣ್ಣದ ಬೆಳಕುಗಳನ್ನು ಒಂದರ ಮೇಲೊಂದು ಚೆಲ್ಲಿ ಬಣ್ಣದ ಛಾಯಾಚಿತ್ರವನ್ನು ತೋರಿಸಿದನು. ನಮ್ಮ ತೆರೆ ಮಾಡುವುದೂ ಆ ಕೆಲಸವನ್ನೇ.

ಹಾಗಾದರೆ ಅಂಕೆ ತಪ್ಪಿತೋ, ದೀಪ ತಪ್ಪಿತೋ? ಕೆರೆಯ ನೀರು ಕಾಲುವೆಯ ದಾರಿಯಲ್ಲಿ ಗದ್ದೆಗೆ ಬರುವಂತೆ, ಅಂಕೆಗಳು ಚಿತ್ರದ ಕಡತದಿಂದ ಹೊರಟು, ಚಿತ್ರ ತೋರಿಸುವ ತಂತ್ರಾಂಶ, ಡ್ರೈವರ್, ತಂತಿ ಇವುಗಳನ್ನು ದಾಟಿ ತೆರೆಯನ್ನು ಸೇರುತ್ತವೆ. ಗದ್ದೆಗೆ ರಾಡಿ ನೀರು ಬಂದರೆ ರೈತನು ಕಾಲುವೆಯ ಗುಂಟ ಮೇಲಕ್ಕೆ ನಡೆದು ನೋಡುತ್ತಾನಲ್ಲವೆ? ನಾವೂ ಹಾಗೆಯೇ ಹೊರಟೆವು.

ಮೊದಲನೆಯದು ತೆರೆಯೇ. ಅದರ ಅಂಚಿನ ಗುಂಡಿಯನ್ನು ಒತ್ತಿದರೆ ಹೊಳಪು ಮೊದಲಾದುವನ್ನು ತಿದ್ದುವ ಪಟ್ಟಿ ಮೂಡುತ್ತದೆ. ಇದನ್ನು ಬರೆಯುವುದು ತೆರೆಯೇ ಹೊರತು ಗಣಕವಲ್ಲ. ಪಟ್ಟಿಯ ಬಿಳಿಯ ಅಕ್ಷರಗಳು ಹಳದಿಯಾಗಿದ್ದರೆ ದೋಷ ತೆರೆಯದು. ನಮ್ಮಲ್ಲಿ ಅವು ಹಾಲಿನಂತೆ ಬೆಳ್ಳಗಿದ್ದವು. ಇನ್ನು ತಂತಿ. ಹಳೆಯ ವಿ.ಜಿ.ಎ. ತಂತಿಯಲ್ಲಿ ಮೂರು ಬಣ್ಣಗಳಿಗೂ ಬೇರೆ ಬೇರೆ ಎಳೆಗಳಿರುವುದರಿಂದ, ನೀಲಿಯ ಎಳೆ ಕಡಿದರೆ ತೆರೆಯೆಲ್ಲ ಹಳದಿಯಾಗುತ್ತದೆ. (ಅಪ್‌ಡೇಟ್ ಆದ ದಿನವೇ ತಂತಿ ಸಡಿಲವಾಗಬಾರದೆಂಬ ನಿಯಮವೇನೂ ಇಲ್ಲ!)

ಎರಡನೆಯ ಪರೀಕ್ಷೆ ಇನ್ನೂ ಸ್ವಾರಸ್ಯವಾದುದು. ಗಣಕದಲ್ಲಿಯೇ ತೆರೆಯ ನಕಲನ್ನು, ಎಂದರೆ ಸ್ಕ್ರೀನ್‌ಶಾಟನ್ನು, ತೆಗೆದು ಬೇರೊಂದು ಯಂತ್ರದಲ್ಲಿ ನೋಡಬೇಕು. ಈ ನಕಲಿಗೆ ಹೋಗುವುವು ಗಣಕದ ನೆನಪಿನಲ್ಲಿರುವ ಅಂಕೆಗಳು. ನಕಲು ಸರಿಯಾಗಿ ಕಂಡರೆ, ಕೆಟ್ಟುದು ಅದರಿಂದ ಮುಂದಿನ ದಾರಿಯಲ್ಲಿ. ರಾತ್ರಿಯಲ್ಲಿ ನೀಲಿ ಬೆಳಕನ್ನು ತಗ್ಗಿಸುವ ಏರ್ಪಾಡೊಂದಿದೆ. ವಿಂಡೋಸ್‌ನಲ್ಲಿ ‘ನೈಟ್ ಲೈಟ್’, ಆಪಲ್ ಗಣಕಗಳಲ್ಲಿ ‘ನೈಟ್ ಶಿಫ್ಟ್’ ಎಂಬ ಹೆಸರಿನಲ್ಲಿ 2017ರಲ್ಲಿ ಬಂದಿತು. ಇದು ಚಾಲೂ ಇದ್ದರೆ ತೆರೆಯೆಲ್ಲ ಹಳದಿಯಾಗಿರುತ್ತದೆ, ನಕಲು ಮಾತ್ರ ಬೆಳ್ಳಗಿರುತ್ತದೆ. ಅಪ್‌ಡೇಟಿನ ಬಳಿಕ ಹಳದಿ ಕಂಡವರು ಮೊದಲು ಇದನ್ನೇ ನೋಡತಕ್ಕದ್ದು. ಕಪ್ಪು ಬೂದಿಯಂತೆ ಕಂಡು ಬಣ್ಣಗಳೆಲ್ಲ ಮಂಕಾಗಿದ್ದರೆ ರೋಗ ಬೇರೆ. ಹೊಸ ಡ್ರೈವರ್ ಟೆಲಿವಿಷನ್ನಿನ ಕ್ರಮದಂತೆ ಕಪ್ಪಿಗೆ 16, ಬಿಳಿಗೆ 235 ಎಂದು ಕಳುಹಿಸುತ್ತಿದ್ದು, ತೆರೆ 0 ಮತ್ತು 255ನ್ನು ನಿರೀಕ್ಷಿಸುತ್ತಿರಬಹುದು. ಡ್ರೈವರಿನಲ್ಲಿ ಪೂರ್ಣ ವ್ಯಾಪ್ತಿಯನ್ನು ಆರಿಸಿದರೆ, ಇಲ್ಲವೆ ಹಳೆಯ ಡ್ರೈವರಿಗೆ ಹಿಂದಿರುಗಿದರೆ ಸರಿಹೋಗುತ್ತದೆ.

ನಮ್ಮ ನಕಲನ್ನು ಫೋನಿನಲ್ಲಿ ನೋಡಿದೆವು. ಪಂಚೆ ಅಲ್ಲಿಯೂ ಹಳದಿ! ಎಂದರೆ ಅಂಕೆಗಳೇ ಕೆಟ್ಟಿದ್ದವು. ಹಾಗಾದರೆ ಮೂಲ ಕಡತವೇ ಹಾಗಿದ್ದಿತೆ? ಅದೇ ಚಿತ್ರವನ್ನು ಗಣಕದಲ್ಲಿಯೇ, ಮಕ್ಕಳು ಚಿತ್ರ ಬಿಡಿಸುವ ಸಣ್ಣ ತಂತ್ರಾಂಶದಲ್ಲಿ ತೆರೆದೆವು. ಪಂಚೆ ಬೆಳ್ಳಗೆ ಬೆಳಗಿತು, ಪೈರು ಹಸಿರಾಯಿತು. ಒಂದೇ ಕಡತ, ಒಂದೇ ತೆರೆ. ಎರಡು ತಂತ್ರಾಂಶಗಳಲ್ಲಿ ಎರಡು ಬಣ್ಣ. ಇವೆರಡರ ನಡುವಣ ವ್ಯತ್ಯಾಸದಲ್ಲಿಯೇ ಕಳ್ಳನು ಅಡಗಿರಬೇಕು.

ವ್ಯತ್ಯಾಸವಿಷ್ಟೇ: ಚಿತ್ರ ನೋಡುವ ತಂತ್ರಾಂಶವು ‘ಪ್ರೊಫೈಲ್’ ಎಂಬ ಪತ್ರವನ್ನು ಓದುತ್ತದೆ, ಇನ್ನೊಂದು ಓದುವುದಿಲ್ಲ. ಎಲ್ಲ ತೆರೆಗಳ ಕೆಂಪೂ ಒಂದೇ ಕೆಂಪಲ್ಲ. ಆದುದರಿಂದ ಪ್ರತಿಯೊಂದು ತೆರೆಯ ಗುಣದೋಷಗಳನ್ನೂ ಬರೆದಿಟ್ಟು, ಅದಕ್ಕೆ ತಕ್ಕಂತೆ ಅಂಕೆಗಳನ್ನು ತಿದ್ದಿ ಕಳುಹಿಸುವ ಪದ್ಧತಿಯಿದೆ. ಇಂತಹ ಪತ್ರಗಳಿಗೆ ಒಂದು ಏಕರೂಪವನ್ನು ಕೊಡಲೆಂದು 1993ರಲ್ಲಿ ಅಂತರರಾಷ್ಟ್ರೀಯ ವರ್ಣ ಒಕ್ಕೂಟವು ಹುಟ್ಟಿತು. ಪತ್ರ ಸರಿಯಿದ್ದರೆ ಲಾಭ. ತಪ್ಪಿದ್ದರೆ, ದೃಷ್ಟಿ ಚೆನ್ನಾಗಿರುವವನಿಗೆ ಇನ್ನೊಬ್ಬರ ಕನ್ನಡಕವನ್ನು ತೊಡಿಸಿದಂತೆ. ‘ಈ ತೆರೆಯಲ್ಲಿ ನೀಲಿ ಹೆಚ್ಚು’ ಎಂದು ಪತ್ರವು ಸುಳ್ಳು ಹೇಳಿದರೆ, ತಂತ್ರಾಂಶವು ಅದನ್ನು ನಂಬಿ ನೀಲಿಯನ್ನು ತಗ್ಗಿಸುತ್ತದೆ. ಉಳಿಯುವುದು ಹಳದಿ.

ಬಣ್ಣದ ವ್ಯವಸ್ಥೆಯ ಪುಟವನ್ನು ತೆರೆದು ನೋಡಲಾಗಿ, ನಾವು ಎಂದೂ ಹಾಕದಿದ್ದ ಪ್ರೊಫೈಲೊಂದು ಅಲ್ಲಿ ಕುಳಿತಿತ್ತು. ಅಪ್‌ಡೇಟಿನೊಡನೆ ಬಂದುದೆಂಬುದನ್ನು ಅದರ ದಿನಾಂಕವೇ ಹೇಳುತ್ತಿತ್ತು. ಅದನ್ನು ತೆಗೆದು, 1999ರಲ್ಲಿ ಅಂತರರಾಷ್ಟ್ರೀಯ ಪ್ರಮಾಣವಾದ ಎಸ್‌ಆರ್‌ಜಿಬಿ ಎಂಬುದನ್ನು ಆರಿಸಿ, ಚಿತ್ರದ ತಂತ್ರಾಂಶವನ್ನು ಮುಚ್ಚಿ ತೆರೆದೆವು. ಚಿಕ್ಕಪ್ಪನವರ ಪಂಚೆ ಶುಭ್ರವಾಯಿತು.

ಆದರೂ ನಮ್ಮನ್ನು ಕಾಡಿದುದು ಬೇರೊಂದು. ಪಂಚೆ ಕಣ್ಣಿಗೆ ಬೀಳದಿದ್ದರೆ ನಾವು ಯೂರಿಯಾ ಹಾಕಿಸಿಯೇ ಬಿಡುತ್ತಿದ್ದೆವು. ಕಣ್ಣು ಸುತ್ತಣ ಬೆಳಕಿಗೆ ಬೇಗನೆ ಒಗ್ಗಿಹೋಗುತ್ತದೆ. ದೀಪದ ಹಳದಿ ಬೆಳಕಿನಲ್ಲಿಯೂ ಕಾಗದವು ನಮಗೆ ಬಿಳಿಯೇ. ಹೋಲಿಸಲು ಖಚಿತವಾದ ಬಿಳಿಯೊಂದು ಇಲ್ಲದಾಗ ಐದು ಚಿತ್ರಗಳನ್ನು ಅನುಮಾನವಿಲ್ಲದೆ ನೋಡಿ ಮುಗಿಸಿದ್ದೆವು. ಸಾರಜನಕ ಮಿತಿಮೀರಿದರೆ ಬತ್ತಕ್ಕೆ ಬೆಂಕಿರೋಗವೂ ಕಂದು ಜಿಗಿಹುಳುವೂ ಹೆಚ್ಚುತ್ತವೆ, ಪೈರು ನೆಲಕ್ಕೆ ಒರಗುತ್ತದೆ. ತೆರೆ ಸರಿಯಾದ ಮೇಲೆಯೂ ಫೋನಿನ ಕ್ಯಾಮೆರಾ ತನ್ನ ಲೆಕ್ಕದಲ್ಲಿ ಬಣ್ಣವನ್ನು ತಿದ್ದಿರುವುದುಂಟು.

ಆದುದರಿಂದ ತಮ್ಮನಿಗೆ ಹೀಗೆ ಬರೆದೆವು: “ಚಿತ್ರ ಬೇಡ, ಎಲೆಯ ಬಣ್ಣದ ಪಟ್ಟಿಯನ್ನು ಹಿಡಿದು ಗದ್ದೆಗೆ ಇಳಿ.” ತಿಳಿಹಸಿರಿನಿಂದ ಕಡುಹಸಿರಿನವರೆಗೆ ಮಟ್ಟಗಳಿರುವ ಈ ಪಟ್ಟಿಯನ್ನು ಬತ್ತಕ್ಕೆಂದೇ ಮಾಡಿದ್ದಾರೆ. ಪೂರ್ತಿ ಬಿಚ್ಚಿಕೊಂಡ ಎಳೆಯ ಎಲೆಯನ್ನು ಕೀಳದೆ, ಬಿಸಿಲು ಬೀಳದಂತೆ ಮೈಯ ನೆರಳಿನಲ್ಲಿ ಪಟ್ಟಿಯ ಮೇಲಿಟ್ಟು ನೋಡಬೇಕು. ಹತ್ತು ಎಲೆಗಳಲ್ಲಿ ಆರಾದರೂ ಗೊತ್ತಾದ ಮಟ್ಟಕ್ಕಿಂತ ತೆಳುವಾಗಿದ್ದರೆ ಮಾತ್ರ ಗೊಬ್ಬರ ಹಾಕುವುದು ಕ್ರಮ. ತಮ್ಮನು ಹತ್ತು ಎಲೆಗಳನ್ನು ನೋಡಿದನು. ತೆಳುವಾಗಿದ್ದುವು ಎರಡು. ಯೂರಿಯಾ ಮೂಟೆ ಅಟ್ಟದಲ್ಲಿಯೇ ಉಳಿಯಿತು.